ಶೇಂಗಾ ಬೀಜದಷ್ಟು ಕಿಡಿ

ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸಿಟ್ಟಿನಲ್ಲಿ ಕಟ್ಟಿಕೊಂಡದ್ದು ಎಂಬುದು ನನಗೆ ಪೂರ್ತಿ ಗೊತ್ತಿಲ್ಲ. ಇಸವಿ ಎಪ್ಪತ್ತೊಂಬತ್ತೋ ಎಂಬತ್ತೋ ಎಂಬಲ್ಲಿಂದಲೇ ಅನುಮಾನ ಶುರುವಾಗುತ್ತದೆ. ಎರಡು ಸಂಗತಿಗಳು ಮಾತ್ರ ಕಣ್ಣಿಗೆ ಕಟ್ಟಿದಂತಿವೆ. ಒಂದು, ನನ್ನ ಸರ್ಕ್ಯೂಟಿನ ನಕ್ಷೆಯಲ್ಲಿ ಒಂದು ಭಾಗವನ್ನು ಹೊಡೆದುಹಾಕಿದ ಕೆಂಪು ಪೆನ್ಸಿಲ್ಲಿನ ಗೆರೆ. ಇನ್ನೊಂದು, ಇಳಕಲ್ಲಿನ ಮಿಸ್ತ್ರಿಯೊಬ್ಬರು ತಾವು ಕೇಳಿದ್ದಾಗಿ ಹೇಳಿದ ಒಂದು ಪ್ರಶ್ನೆ. ಅದನ್ನು ಅವರು ಕೇಳಲೇ ಇಲ್ಲವೆಂದು ನಾನು ಆಣೆ ಮಾಡಿ ಹೇಳಿದ್ದೆ. ಗೆರೆಯನ್ನು ಎಳೆದವರು ಯಾರೆಂದು ನನಗೆ ಖಾತ್ರಿಯಿತ್ತು. ಪ್ರಶ್ನೆ ಹುಟ್ಟಲೇ ಇಲ್ಲವೆಂದೂ ಖಾತ್ರಿಯಿತ್ತು. ಆ ಎರಡು ಖಾತ್ರಿಗಳ ಮೇಲೆ ನಿಂತು ನಾನು ಬಹಳ ವರ್ಷ ಸಿಟ್ಟು ಮಾಡಿದ್ದೇನೆ.

ಹೊಳೆದಂಡೆಯ ಸಣ್ಣ ರೈತರಿಗೆ ನೀರೆತ್ತುವ ಎಂಜಿನ್ ಒದಗಿಸುವ ಯೋಜನೆಯೊಂದು ಆಗ ನಡೆದಿತ್ತು. ಪೆಟ್ರೋಲಿನಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ಓಡುವ, ಹಗ್ಗ ಸುತ್ತಿ ಎಳೆದು ಶುರು ಮಾಡುವ, ಇಬ್ಬರು ಎತ್ತಿ ಒಯ್ಯಬಹುದಾದ ಎಂಜಿನ್ನುಗಳು. ಅವುಗಳಿಗೆ ಒಂದೇ ದೊಡ್ಡ ರೋಗ: ಪಾಯಿಂಟು. ತಿರುಗುವ ಚಕ್ರದ ಅಡಿಯಲ್ಲಿ ಎರಡು ಪುಟ್ಟ ಲೋಹದ ಗುಂಡಿಗಳು ಪ್ರತಿ ಸುತ್ತಿಗೊಮ್ಮೆ ಕೂಡಿ ಅಗಲುತ್ತವೆ. ಅಗಲಿದ ಗಳಿಗೆಗೆ ಕಾಯಿಲಿನಲ್ಲಿ ಹರಿಯುತ್ತಿದ್ದ ವಿದ್ಯುತ್ತು ಕಡಿದು ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪ್ರತಿ ಕಿಡಿಯೂ ಆ ಗುಂಡಿಗಳನ್ನು ಚೂರುಚೂರೇ ಸುಡುತ್ತದೆ. ಧೂಳು, ಸೀಮೆಎಣ್ಣೆಯ ಮಸಿ, ಹೊಳೆಯ ತೇವ ಸೇರಿದರೆ ಹದಿನೈದು ದಿನಕ್ಕೇ ಗುಂಡಿ ಕಪ್ಪಾಗಿ, ನಡುವೆ ಕುಳಿ ಬಿದ್ದು, ಎಂಜಿನ್ ಮೊಂಡು ಹಿಡಿಯುತ್ತದೆ. ಒಳ್ಳೆಯ ಪಾಯಿಂಟು ಆಗ ಸಿಗುತ್ತಿರಲಿಲ್ಲ. ಸಿಕ್ಕದ್ದು ನಕಲಿ.

ಗುಂಡಿಗಳೇ ಬೇಡ, ಅವುಗಳ ಕೆಲಸವನ್ನು ಟ್ರಾನ್ಸಿಸ್ಟರ್ ಮಾಡಲಿ ಎಂಬುದು ನನ್ನ ವಿಚಾರ. ಹೊಸದೇನಲ್ಲ, ಬೇರೆ ಕಡೆ ಮಾಡಿದ್ದರು. ನಾನು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಂದು ಬಾಗಲಕೋಟೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೂತಿದ್ದೆ. ಯೋಜನೆಯ ಅಧಿಕಾರಿ ಹನ್ನೆರಡು ಎಂಜಿನ್ನುಗಳಿಗೆ ಮಾಡಿ ತೋರಿಸಿ ಎಂದರು. ಅವರು ಮೈಸೂರು ಕಡೆಯವರು, ಮಾತು ಮೃದು. ಆ ಮೃದು ಮಾತಿಗೆ ನಮ್ಮ ಕಡೆಯವರು ಬೇಗ ಮರುಳಾಗುತ್ತಿದ್ದರು. ನಾನೂ ಆದೆ.

ಸರ್ಕ್ಯೂಟು ಸರಳ. ಚಕ್ರದಲ್ಲಿರುವ ಅಯಸ್ಕಾಂತ ಕಾಯಿಲಿನ ಮುಂದೆ ಹಾಯುವಾಗ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತೇ ದೊಡ್ಡ ಟ್ರಾನ್ಸಿಸ್ಟರನ್ನು ತೆರೆದು, ಅದರೊಳಗಿಂದಲೇ ಹರಿಯುತ್ತದೆ. ಹರಿವು ತುದಿ ಮುಟ್ಟಿದಾಗ ಇನ್ನೊಂದು ಸಣ್ಣ ಭಾಗ ಎಚ್ಚೆತ್ತು ದೊಡ್ಡದರ ಬಾಯಿ ಮುಚ್ಚುತ್ತದೆ. ಹರಿವು ತಟ್ಟನೆ ಕಡಿಯುತ್ತದೆ, ಕಿಡಿ ಹಾರುತ್ತದೆ. ಬ್ಯಾಟರಿ ಬೇಡ. ಸವೆಯುವ ಭಾಗ ಒಂದೂ ಇಲ್ಲ.

ಕಾಗದದ ಮೇಲೆ ಸರಳವಾದದ್ದು ಕಬ್ಬಿಣದ ಮೇಲೆ ಮೂರು ತಿಂಗಳು ಹಿಡಿಯಿತು. ಮೊದಲನೆಯದು ಕಿಡಿಯನ್ನೇ ಕೊಡಲಿಲ್ಲ. ಕಾಯಿಲಿನ ಎರಡು ತುದಿಗಳನ್ನು ಅದಲುಬದಲು ಮಾಡಿದ ಮೇಲೆ ಕೊಟ್ಟಿತು. ಎರಡನೆಯದು ಕಿಡಿ ಕೊಟ್ಟಿತು, ಆದರೆ ಬೇಗ ಕೊಟ್ಟಿತು. ಎಂಜಿನ್ ಹಿಂದಕ್ಕೆ ಒದ್ದು ಹಗ್ಗ ನನ್ನ ಅಂಗೈ ಸೀಳಿತು. ಮೂರನೆಯದನ್ನು ಚಕ್ರದ ಅಡಿಯಲ್ಲಿ, ಪಾಯಿಂಟು ಇದ್ದ ಜಾಗದಲ್ಲೇ ಕೂರಿಸಿದೆ. ಅರ್ಧ ತಾಸಿಗೆ ಕಾದು ಎಂಜಿನ್ ಕೆಮ್ಮತೊಡಗಿತು. ಆಮೇಲೆ ಎಲ್ಲವನ್ನೂ ಹೊರಗೆ, ಚಕ್ರದ ಗಾಳಿ ಬೀಸುವಲ್ಲಿ ಕಟ್ಟಿದೆ. ಧೂಳು ನೀರು ಹೋಗದ ಹಾಗೆ ಇಡೀ ಸರ್ಕ್ಯೂಟನ್ನು ನಶ್ಯದ ತಗಡಿನ ಡಬ್ಬಿಯಲ್ಲಿಟ್ಟು ರಾಳ ಹೊಯ್ದು ಗಟ್ಟಿ ಮಾಡಿದೆ. ಖಾಲಿ ಡಬ್ಬಿಗಳನ್ನು ನಶ್ಯ ಏರಿಸುವ ಮುದುಕರಿಂದ ಕೂಡಿಹಾಕಿದ್ದೆ. ರಾಳಕ್ಕೂ ನಶ್ಯದ ವಾಸನೆ ಹತ್ತಿತ್ತು.

ನಕ್ಷೆಯಲ್ಲಿ ಇನ್ನೊಂದು ಭಾಗವಿತ್ತು. ದೊಡ್ಡ ಟ್ರಾನ್ಸಿಸ್ಟರಿನ ಮೇಲೆ ಒತ್ತಡ ಮಿತಿ ಮೀರಿದರೆ ಅದನ್ನು ತಾನು ನುಂಗಿಕೊಳ್ಳುವ ರಕ್ಷಕ ಭಾಗ. ನಕ್ಷೆ ಅಧಿಕಾರಿಯ ಮೇಜಿಗೆ ಹೋಗಿ ಬಂದಾಗ ಅದರ ಮೇಲೆ ಕೆಂಪು ಗೆರೆಯಿತ್ತು; ನೋಡಿ ಅವರ ಫೈಲಿಗೆ ಮರಳಿ ಕೊಟ್ಟೆ. "ಸರಳವಾಗಿರಲಿ" ಎಂದು ಅವರು ಅಂದದ್ದೂ ನೆನಪಿದೆ. ಹನ್ನೆರಡು ಡಬ್ಬಿಗಳಲ್ಲಿ ಆ ಭಾಗವಿರಲಿಲ್ಲ. ಅಷ್ಟು ಮಾತ್ರ ನಿಶ್ಚಿತ.

ಡಬ್ಬಿಗಳನ್ನು ಎಂಜಿನ್ನುಗಳಿಗೆ ಕೂರಿಸಿದವರು ಇಳಕಲ್ಲಿನ ಮಿಸ್ತ್ರಿ. ಅರವತ್ತರ ಹತ್ತಿರದ ಮುಸಲ್ಮಾನರು. ಗ್ರಾನೈಟ್ ಖಣಿಯ ಕಂಪ್ರೆಸರಿನಿಂದ ಹಿಡಿದು ಹಿಟ್ಟಿನ ಗಿರಣಿಯ ಎಂಜಿನ್ನಿನ ತನಕ ಎಲ್ಲವೂ ಅವರ ಕೈಯಲ್ಲಿ ಆಡಿದ್ದವು. ಯೋಜನೆಯ ಮಾನ್ಯತೆ ಪಡೆದ ಮಿಸ್ತ್ರಿಗಳ ಪಟ್ಟಿಯಲ್ಲಿ ಹುನಗುಂದದ ಆಸುಪಾಸಿಗೆ ಅವರದೊಂದೇ ಹೆಸರು. ಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ಯೋಜನೆಯ ಎಂಜಿನ್ ಬಿಚ್ಚಬೇಕು. ಅಷ್ಟೊತ್ತಿಗೆ ಅವರ ಅಂಗಡಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ ಆಗಿತ್ತು.

ಪಾಯಿಂಟಿನ ಸಂದನ್ನು ಅವರು ಲಗ್ನಪತ್ರಿಕೆಯ ಒಂದು ತುಂಡಿನಿಂದ ಅಳೆಯುತ್ತಿದ್ದರು. ನನಗೆ ನಗು ಬಂದಿತ್ತು. ನನ್ನ ಗೇಜು ಹಾಕಿ ನೋಡಿದೆ. ಸರಿಯಾಗಿತ್ತು.

"ಯಾರ ಲಗ್ನದ್ದ್ರಿ ಇದು, ಮಿಸ್ತ್ರಿ?" ಎಂದೆ.

"ನಂದಲ್ಲರಿ. ನನ್ನ ಲಗ್ನದಾಗ ಪತ್ರಿಕಾ ಹೊಡಸಾಕ ರೊಕ್ಕ ಎಲ್ಲಿದ್ವು," ಎಂದರು.

ಮೊದಲ ಡಬ್ಬಿಯನ್ನು ಮಾತ್ರ ನಾನೇ ಕೂರಿಸಿ ತೋರಿಸಿದೆ. ಅಂದು ಕಿಡಿ ಒಮ್ಮೆ ಬಂದರೆ ಇನ್ನೊಮ್ಮೆ ಇಲ್ಲ. ನಾನು ಸರ್ಕ್ಯೂಟನ್ನು ಶಂಕಿಸಿ ಮೀಟರು ಹಚ್ಚಿ ಕೂತೆ. ಡಬ್ಬಿ ಬಿಗಿದ ಬೋಲ್ಟನ್ನು ಮಿಸ್ತ್ರಿ ಬಿಚ್ಚಿ ತೋರಿಸಿದರು.

"ಬಣ್ಣದ ಮ್ಯಾಲ ಕುಂಡ್ರಿಸೀರಿ ಸಾಹೇಬ್ರ. ಬಣ್ಣದಾಗ ಕರಂಟ್ ಹೆಂಗ ಹಾಯ್ತೈತ್ರಿ? ಕೆರದು ಕಬ್ಬಿಣ ಕಾಣೂ ಹಂಗ ಮಾಡ್ರಿ."

ಕೆರೆದೆವು. ಎಂಜಿನ್ ಒಂದೇ ಎಳೆತಕ್ಕೆ ಎದ್ದಿತು. ನಾನು ಮೂರು ತಿಂಗಳಿಂದ ಮಾಡುತ್ತಿದ್ದೆ. ಅವರು ಮೂರು ಗಂಟೆಯಿಂದ ನೋಡುತ್ತಿದ್ದರು.

ರೈತರಿಗೆ ಕೊಡಲು ಒಂದು ಸೂಚನೆಯ ಹಾಳೆಯೂ ಬೇಕಾಗಿತ್ತು. ಹಳೆಯ ಎಂಜಿನ್ನಿನ ಕೈಪಿಡಿಯನ್ನು ಮುಂದಿಟ್ಟುಕೊಂಡು, ಪಾಯಿಂಟಿನ ಮಾತು ಬಂದಲ್ಲೆಲ್ಲ ಬಿಟ್ಟು, ಉಳಿದದ್ದನ್ನು ಕನ್ನಡದಲ್ಲಿ ನಾನೇ ಸ್ಟೆನ್ಸಿಲ್ಲಿನ ಮೇಲೆ ಕೈಯಿಂದ ಕೊರೆದು ಪ್ರತಿ ತೆಗೆದೆ. ಪ್ರತಿ ಎಂಜಿನ್ನಿಗೆ ಒಂದರಂತೆ ಹನ್ನೆರಡು ಪ್ರತಿ. ಅವು ರೈತರ ಕೈಗೆ ಹೋದವು. ರೈತರು ಅವನ್ನು ಎಂಜಿನ್ನಿನ ಬೇರೆ ಕಾಗದಗಳ ಜೊತೆ ಮಡಚಿ ಪೆಟ್ಟಿಗೆಗೆ ಹಾಕಿದರು. ಅದೊಂದು ದೊಡ್ಡ ಕೆಲಸವೆಂದು ನನಗೆ ಅನ್ನಿಸಿರಲೇ ಇಲ್ಲ.

ಮೊದಲ ಹತ್ತು ದಿನ ಹೊಳೆಸಾಲಿನ ತುಂಬ ನನ್ನ ಹೆಸರೇ. ಕೂಡಲಸಂಗಮದ ಕೆಳಗಿನ ಒಂದು ಹಳ್ಳಿಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಹಾಕಿದ್ದ ಹೆಣ್ಣುಮಗಳೊಬ್ಬಳು ಬಸ್ಸಿನಲ್ಲಿ ನನ್ನನ್ನು ಗುರುತು ಹಿಡಿದು, "ನಶ್ಯದ ಡಬ್ಬಿ ತಮ್ಮಾ, ನಿನ್ನ ಡಬ್ಬಿ ಛಲೋ ಸೀನ್ತೈತಿ ನೋಡು" ಎಂದು ಇಡೀ ಬಸ್ಸು ನಗುವ ಹಾಗೆ ಹೇಳಿದಳು. ಅವಳ ಮನೆಯವರು ಬೀರಪ್ಪನ ಒಕ್ಕಲು. ಗಂಡ ಕುರಿ ಹಿಂಡಿನ ಹಿಂದೆ ಊರೂರು ತಿರುಗುತ್ತಿದ್ದ, ಹೊಲ ಎಂಜಿನ್ ಎಲ್ಲ ಇವಳದೇ.

ಹನ್ನೊಂದನೆಯ ದಿನ ಒಂದು ಡಬ್ಬಿ ಸತ್ತಿತು. ಆ ವಾರದಲ್ಲೇ ಇನ್ನೂ ಮೂರು. ತಿಂಗಳು ತುಂಬುವಷ್ಟರಲ್ಲಿ ಏಳು. ಏಳೂ ಎಂಜಿನ್ನುಗಳಿಗೆ ಮತ್ತೆ ಹಳೆಯ ಪಾಯಿಂಟು ಕೂರಿಸಿದರು.

ಅಧಿಕಾರಿ ನನ್ನನ್ನು ಹುನಗುಂದದ ಕಚೇರಿಗೆ ಕರೆಸಿದರು. ಮೇಜಿನ ಮೇಲೆ ಎರಡು ಪುಟದ ವರದಿ ಟೈಪಾಗಿ ಸಿದ್ಧವಿತ್ತು. ವಿಚಾರಣೆ ಇನ್ನೂ ಆಗಿರಲಿಲ್ಲ. ಯಾರೂ ಒಂದು ಡಬ್ಬಿಯನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ವರದಿ ಮಾತ್ರ ಮುಗಿದಿತ್ತು. ಮಿಸ್ತ್ರಿ ಡಬ್ಬಿಗಳನ್ನು ಒಡೆದು ನಕಲು ಮಾಡಲು ಯತ್ನಿಸಿದ್ದರಿಂದ ಅವು ಕೆಟ್ಟಿವೆ, ಅವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು ಎಂದು ಅದರಲ್ಲಿತ್ತು. ಕೆಳಗೆ ತಯಾರಕನ ಸಹಿಗೆ ಜಾಗ.

"ಒಡೆದದ್ದನ್ನು ನಮ್ಮ ಗುಮಾಸ್ತರು ಕಣ್ಣಾರೆ ನೋಡಿದ್ದಾರೆ," ಎಂದರು. "ನೀವು ಸಹಿ ಮಾಡಿ. ನಿಮ್ಮ ಸರ್ಕ್ಯೂಟಿಗೂ ಕಳಂಕ ಬರೋದಿಲ್ಲ, ಯೋಜನೆಗೂ ಬರೋದಿಲ್ಲ."

ಇವತ್ತು ಇದನ್ನು ಬರೆಯುವಾಗ ಮೈ ಉರಿಯುತ್ತದೆ. ಆದರೆ ಅಂದು ನಾನು ಆ ಕಾಗದವನ್ನು ಅವರ ಮುಖಕ್ಕೆ ಎಸೆಯಲಿಲ್ಲ. "ನೋಡಿ ಹೇಳ್ತೀನಿ ಸರ್" ಎಂದೆ. ನನ್ನ ಸರ್ಕ್ಯೂಟಿಗೆ ಕಳಂಕ ಬರುವುದಿಲ್ಲ ಎಂಬ ಮಾತು ನನಗೆ ಇಳಕಲ್ಲಿನಲ್ಲಿ ಬಸ್ಸು ಇಳಿಯುವ ತನಕ ಹಿತವಾಗಿಯೇ ಇತ್ತು. ಅದನ್ನೂ ಬರೆದಿಡಬೇಕು.

ಇಳಕಲ್ಲಿಗೆ ಹೋದೆ. ಅಂಗಡಿಯ ಹಲಗೆಯ ಮೇಲೆ, ಮುಚ್ಚುಮರೆ ಇಲ್ಲದೆ, ನನ್ನ ಒಂದು ಡಬ್ಬಿ ಸೀಳಿಕೊಂಡು ಬಿದ್ದಿತ್ತು. ರಾಳವನ್ನು ಸಣ್ಣ ಉಳಿಯಿಂದ ಪದರು ಪದರಾಗಿ ಕೆತ್ತಿದ್ದರು. ಶಿಲ್ಪಿಯ ತಾಳ್ಮೆಯ ಕೆಲಸ. ಒಳಗಿನ ಒಂದು ಕಾಲೂ ಮುರಿದಿರಲಿಲ್ಲ.

"ಒಡದೀರೇನ್ರಿ?" ಎಂದೆ. ನನ್ನ ದನಿಯಲ್ಲಿ ಆಗಲೇ ಆ ವರದಿಯಿತ್ತು.

"ಖರೆ, ಒಡದೀನಿ. ಸತ್ತ ಮ್ಯಾಲೆ ಒಡದೀನಿ. ಡಾಕ್ಟರು ಹೆಣಾ ಕೊಯ್ಯೂದಿಲ್ಲೇನ್ರಿ? ಯಾತರಿಂದ ಸತ್ತೈತಿ ನೋಡೂದು ಬ್ಯಾಡ?"

"ನೋಡಿ ಏನ್ ಸಿಕ್ತು?"

"ಮೂರು ಕಾಲಿನ ಹುಳಾ ಎರಡದಾವ. ದೊಡ್ಡದೊಂದು, ಸಣ್ಣದೊಂದು. ಯಾವದು ಸತ್ತೈತಿ, ಯಾಕ ಸತ್ತೈತಿ ನನಗ ತಿಳೀಲಿಲ್ಲ. ಅದಕ್ಕ ನೀವು ಬರ್ತೀರಂತ ಹಂಗ ಇಟ್ಟೀನಿ."

ನಕಲು ಮಾಡುವವನು ಹಲಗೆಯ ಮೇಲೆ ಹೀಗೆ ಇಡುತ್ತಾನೆಯೇ? ವರದಿಯ ವಿಷಯ ಅವರಿಗೆ ಹೇಳಿದೆ. ಅವರು ಕೈ ಒರೆಸುತ್ತಿದ್ದ ಅರಿವೆಯನ್ನು ಮಡಚಿದರು, ಮತ್ತೆ ಬಿಚ್ಚಿ ಮಡಚಿದರು.

"ನಲವತ್ತು ವರ್ಷ ಆತ್ರಿ ಈ ಕೈಗೆ. ಕಳ್ಳ ಅನಿಸ್ಕೊಂಡಿಲ್ಲ," ಎಂದರು. ಅರಿವೆಯನ್ನು ಹಲಗೆಯ ಮೇಲಿಟ್ಟು ಹೇಳಿದರು, "ಪಟ್ಟಿ ಒಳಗಿಂದ ಹೆಸರು ಹೋದ್ರ ಈ ಬಾಗಲಾ ಹಾಕೂದರಿ. ಯಾಕ ತಗದ್ರು ಅಂತ ಮಂದಿ ಕೇಳೂದಿಲ್ಲ, ತಗದ್ರಂತ ಅಷ್ಟ ಹೇಳ್ತಾರ."

ಸತ್ತ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬಾಗಲಕೋಟೆಗೆ ತಂದೆ. ಅವರ ಹಾಗೆಯೇ ಉಳಿ ಹಿಡಿದು ಕೆತ್ತಿದೆ. ಎರಡು ಡಬ್ಬಿಗಳಲ್ಲಿ ತಂತಿ ಕಡಿದ ಮೇಲೆ ಕೈ ಬಂತು. ಮೀಟರು ಹಚ್ಚಿದಲ್ಲೆಲ್ಲ ಒಂದೇ ಉತ್ತರ: ಸಣ್ಣ ಭಾಗ ಬದುಕಿದೆ, ದೊಡ್ಡ ಟ್ರಾನ್ಸಿಸ್ಟರು ಈ ಕಡೆಯಿಂದ ಆ ಕಡೆಗೆ ನೇರ ಸುಟ್ಟು ಕೂಡಿಕೊಂಡಿದೆ. ಅಂದರೆ ಬಾಗಿಲು ಶಾಶ್ವತವಾಗಿ ತೆರೆದುಬಿಟ್ಟಿದೆ, ಹರಿವು ಕಡಿಯುವುದೇ ಇಲ್ಲ, ಕಿಡಿಯೂ ಇಲ್ಲ. ಕಾವಿನಿಂದ ಸತ್ತದ್ದಾದರೆ ಓಡುತ್ತಿರುವಾಗ, ಮಧ್ಯಾಹ್ನದ ಬಿಸಿಲಿನಲ್ಲಿ ಸಾಯಬೇಕು. ಏಳೂ ಒಂದೇ ರೀತಿ, ಒಂದೇ ಜಾಗದಲ್ಲಿ ಸತ್ತಿದ್ದವು. ಯಾವುದೋ ಒಂದು ಕೆಲಸ ಏಳೂ ಕಡೆ ನಡೆದಿರಲೇಬೇಕು.

ಯಾವಾಗ ಸತ್ತಿತು, ಆಗ ಯಾರು ಏನು ಮಾಡುತ್ತಿದ್ದರು ಎಂದು ಕೇಳಲು ನಾನು ಹೊಳೆಸಾಲಿಗೆ ಹೋದೆ. ಈ ಕೆಲಸವನ್ನು ಮೊದಲೇ ಮಾಡಬೇಕಾಗಿತ್ತು. ಉಳ್ಳಾಗಡ್ಡಿಯ ಹೆಣ್ಣುಮಗಳು ಮಡಿಗೆ ನೀರು ತಿರುಗಿಸುತ್ತಿದ್ದಳು. ಸಲಿಕೆ ಬಿಡಲಿಲ್ಲ.

"ಓಡೂ ಮುಂದ ಸತ್ತಿಲ್ಲ ತಮ್ಮಾ. ಎಣ್ಣಿ ತೀರಿತ್ತು, ನಮಗ ಗೊತ್ತಾಗಲಿಲ್ಲ. ಎಳದ್ವಿ, ಎಳದ್ವಿ, ರಟ್ಟಿ ಬಿದ್ದು ಹೋದ್ವು. ಮಿಸ್ತ್ರಿಗೆ ಹೇಳಿ ಕಳಿಸಿದ್ನಿ. ಬಂದ್ರು, ವೈರ್ ಕಿತ್ತಿ ಕಿಡಿ ನೋಡಿದ್ರು. ಯಪ್ಪಾ, ಏನ್ ಕಿಡಿ ಅಂತೀನಿ! ಶೇಂಗಾ ಬೀಜದ ಉದ್ದ ಇಲ್ಲಂದ್ರೂ ಬಂತು. ಇನ್ನಟು ದೂರ ಹಿಡೀರಿ ಅಂದ್ನಿ ನಾನ. ಹಿಡದ್ರು. ಆಮ್ಯಾಲೆ ಬರಲೇ ಇಲ್ಲ ನೋಡು."

ಉಳಿದ ಆರು ಕಡೆಯೂ ಕೇಳಿದೆ. ಅಲ್ಲೂ ಕಿಡಿ ನೋಡುವಾಗಲೇ ಸತ್ತಿತ್ತು.

ನಮ್ಮ ಕಡೆ ಎಂಜಿನ್ನಿನ ಆರೋಗ್ಯ ನೋಡುವ ಪದ್ಧತಿಯೇ ಅದು. ಪ್ಲಗ್ಗಿನ ವೈರು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ತಲೆಯ ಹತ್ತಿರ ಹಿಡಿದು, ಹಗ್ಗ ಎಳೆಸುವುದು. ಕಿಡಿ ಜೋಳದ ಕಾಳಿನಷ್ಟು ಜಿಗಿದರೆ ಜೀವ ಇದೆ. ಶೇಂಗಾ ಬೀಜದಷ್ಟು ಜಿಗಿದರೆ ಎಂಜಿನ್ ಗಟ್ಟಿ. ಎಂಜಿನ್ನಿನ ಒಡೆಯ ಪಕ್ಕದಲ್ಲೇ ನಿಂತು ನೋಡಬೇಕು, ಅಳತೆ ಒಪ್ಪಬೇಕು. ಆಗಲೇ ಮಿಸ್ತ್ರಿಯ ಮಾತಿಗೆ ಬೆಲೆ. ಪಾಯಿಂಟಿನ ಎಂಜಿನ್ನಿಗೆ ಇದರಿಂದ ಏನೂ ಆಗುವುದಿಲ್ಲ. ವೈರು ಬಹಳ ದೂರ ಹಿಡಿದರೆ ಆ ಶಕ್ತಿ ಗುಂಡಿಗಳ ನಡುವೆಯೇ ಚಿಟಿಪಿಟಿ ಎಂದು ಉರಿದು ಮುಗಿಯುತ್ತದೆ. ಆದರೆ ನನ್ನ ಡಬ್ಬಿಯಲ್ಲಿ? ಕಿಡಿಗೆ ಹಾರಲು ದಾರಿ ಸಿಗದಿದ್ದರೆ ಆ ಒತ್ತಡವೆಲ್ಲ ಹಿಂದಕ್ಕೆ ತಿರುಗಿ ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ. ಅದನ್ನು ನುಂಗಬೇಕಾಗಿದ್ದ ಭಾಗವನ್ನು ಕೆಂಪು ಗೆರೆ ನುಂಗಿತ್ತು.

ಬಾಗಲಕೋಟೆಗೆ ಬಂದು ಪರೀಕ್ಷೆ ಮಾಡಿದೆ. ಹಳೆಯ ಕಾಯಿಲು, ಚಕ್ರ, ಹಲಗೆಯಲ್ಲಿ ಎದುರುಬದುರು ಎರಡು ಮೊಳೆ. ಬದುಕಿದ್ದ ಐದರಲ್ಲಿ ಒಂದು ಡಬ್ಬಿ ಕಟ್ಟಿದೆ. ಮೊಳೆಗಳ ನಡುವಿನ ಅಂತರವನ್ನು ಒಂದೊಂದೇ ಮಿಲಿಮೀಟರ್ ಹೆಚ್ಚಿಸುತ್ತ ಹೋದೆ. ಜೋಳದ ಕಾಳು ದಾಟಿತು. ಶೇಂಗಾ ಬೀಜ ಮುಟ್ಟಿತು. ಪಾಯಿಂಟಿಗಿಂತ ಉಜ್ವಲವಾದ ನೀಲಿ ಕಿಡಿ. ಇನ್ನೂ ಎರಡು ಮಿಲಿಮೀಟರ್ ಸರಿಸಿದೆ. ಒಂದು ಸುತ್ತು ತಿರುಗಿತು, ಆಮೇಲೆ ಏನೂ ಇಲ್ಲ. ಮೀಟರು ಹಚ್ಚಿದೆ: ಈ ಕಡೆಯಿಂದ ಆ ಕಡೆಗೆ ನೇರ. ನನ್ನ ಡಬ್ಬಿ ಎಷ್ಟು ಒಳ್ಳೆಯ ಕಿಡಿ ಕೊಡುತ್ತಿತ್ತೋ ಜನ ಅದನ್ನು ಅಷ್ಟು ದೂರ ಹಿಡಿದು ನೋಡಲು ಆಸೆಪಟ್ಟಿದ್ದರು.

ಮರುದಿನವೇ ಇಳಕಲ್ಲಿಗೆ ಹೋಗಿ ಮಿಸ್ತ್ರಿಗೆ ಹೇಳಿದೆ. ಅವರು ಪೂರ್ತಿ ಕೇಳಿಕೊಂಡರು. ಕೇಳಿ, ನನ್ನನ್ನೇ ನೋಡುತ್ತ ಹೇಳಿದರು:

"ಹಂಗಾದ್ರ ಅವತ್ತ ಯಾಕ ಹೇಳಲಿಲ್ಲರಿ? ಫಿಟ್ ಮಾಡೂ ದಿನಾ ನಾ ಕೇಳಿದ್ನಿ. ಸಾಹೇಬ್ರ, ಕಿಡಿ ನೋಡೂದು ಹಳೇ ಗತೀನ ಏನ್ರಿ ಅಂತ. ಹಂಗ ನೋಡ್ರಿ ಅಂದ್ರಿ ನೀವು."

"ನೀವು ಕೇಳಿಲ್ಲ. ನಾ ಹೇಳಿಲ್ಲ."

"ಬಣ್ಣಾ ಕೆರ್ಯಾಕತ್ತಿದ್ನಿ. ತಲಿ ಎತ್ತಿದ್ದಿಲ್ಲ. ಆದ್ರ ಕೇಳೀನಿ."

"ಆಣಿ ಮಾಡಿ ಹೇಳ್ತೀನ್ರಿ, ಇಲ್ಲ!"

ನಾನು ದೇವರನ್ನು ನಂಬುವವನಲ್ಲ. ಯಾರ ಮೇಲೆ ಆಣೆ ಮಾಡಿದೆನೋ ನನಗೇ ಗೊತ್ತಿಲ್ಲ. ಆದರೆ ಆ ಹೊತ್ತಿಗೆ ನನಗೆ ನೂರಕ್ಕೆ ನೂರು ಖಾತ್ರಿಯಿತ್ತು. ಇಂಥ ಮುಖ್ಯ ಪ್ರಶ್ನೆಯನ್ನು ಕೇಳಿದ್ದರೆ ನನಗೆ ನೆನಪಿರುತ್ತಿರಲಿಲ್ಲವೇ? ಕಲಿತವನು ನಾನು. ಇವರು ಹೆದರಿದ್ದಾರೆ, ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆ ಎಂದುಕೊಂಡೆ.

ಮಿಸ್ತ್ರಿ, "ಆಣಿ ಮಾಡಿದ ಮ್ಯಾಲೆ ಆತ್ ಬಿಡ್ರಿ. ನನಗ ವಯಸ್ಸಾತು," ಎಂದರು. ಚಹಾ ತರಿಸಿದರು. ಅವರು ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ.

ಸಹಿ ಮಾಡುವುದಿಲ್ಲ ಎಂದು ನಾನು ಅಲ್ಲಿಯೇ ತೀರ್ಮಾನಿಸಿದೆ. ಅವರು ಪ್ರಶ್ನೆ ಕೇಳಿದ್ದಾರೆಂದಲ್ಲ. ಕಳ್ಳತನ ಮಾಡಿಲ್ಲ ಎಂದು. ಬರಿ ಬಾಯಿಮಾತಿಗೆ ಅಧಿಕಾರಿ ಒಪ್ಪುವುದಿಲ್ಲವೆಂದು ಗೊತ್ತಿತ್ತು. ಮೀಟರಿನ ಮುಳ್ಳು ಅವರಿಗೆ ಅರ್ಥವಾಗುವುದಿಲ್ಲ. ಬದುಕಿದ್ದ ನಾಲ್ಕು ಡಬ್ಬಿಗಳಲ್ಲಿ ಒಂದನ್ನು ಅವರ ಕೈಯಿಂದಲೇ ಕೊಲ್ಲಿಸಬೇಕು. ಇದು ಸಭ್ಯ ಉಪಾಯವಲ್ಲ. ಆದರೆ ವಿಚಾರಣೆಯ ಮೊದಲೇ ವರದಿ ಟೈಪು ಮಾಡಿಸಿದವರ ಹತ್ತಿರ ಸಭ್ಯತೆ ಎಷ್ಟು ದಿನ ನಡೆದೀತು?

ಹುನಗುಂದದ ಕಚೇರಿಯ ಅಂಗಳದಲ್ಲಿ ಎರಡು ಕಲ್ಲಿನ ಮೇಲೆ ಎಂಜಿನ್ ಇಟ್ಟೆವು. ಆ ಹೆಣ್ಣುಮಗಳದೇ ಎಂಜಿನ್ನು, ಅದಕ್ಕೆ ಬದುಕಿದ್ದ ಡಬ್ಬಿಗಳಲ್ಲೊಂದು. ಎತ್ತಿನ ಗಾಡಿಯಲ್ಲಿ ತಂದವಳು ಅಲ್ಲೇ ನಿಂತಿದ್ದಳು. ಮಿಸ್ತ್ರಿ ದೂರದಲ್ಲಿ ಗೋಡೆಗೆ ಒರಗಿ ನಿಂತರು. ಅವರಿಗೆ ಕುರ್ಚಿ ಹಾಕಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಾನು ಹಗ್ಗ ಎಳೆದೆ, ಎಂಜಿನ್ ಎದ್ದಿತು, ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿದೆ.

"ಚೆನ್ನಾಗೇ ಇದೆಯಲ್ಲ," ಎಂದರು ಅಧಿಕಾರಿ.

"ಕಿಡಿ ಹೆಂಗೈತಿ ನೀವ ನೋಡ್ರಿ ಸರ್."

ಅವರಿಗೆ ಅದು ಇಷ್ಟದ ಕೆಲಸ. ಒಣ ಬಟ್ಟೆ ಸುತ್ತಿದ ಇಕ್ಕಳದಲ್ಲಿ ವೈರು ಹಿಡಿದರು. ನಾನು ಎಳೆದೆ. ನೀಲಿ ಕಿಡಿ ಚಟಾರೆಂದು ಹಾರಿತು. ಅವರ ಮುಖ ಅರಳಿತು. ಕೈ ತಾನಾಗಿಯೇ ಹಿಂದೆ ಸರಿಯಿತು.

"ಶೇಂಗಾ ಬೀಜ ಆತ್ರಿ ಸಾಹೇಬ್ರ," ಎಂದಳು ಹೆಣ್ಣುಮಗಳು. "ಇನ್ನಟು ದೂರ ಹಿಡೀರಿ, ಕಾಯಿ ಉದ್ದ ಆಗಲಿ!"

ಅವಳಿಗೆ ನಾನು ಏನನ್ನೂ ಕಲಿಸಿರಲಿಲ್ಲ. ಅವರು ನಕ್ಕು ಕೈಯನ್ನು ಇನ್ನೂ ಹಿಂದೆ ತೆಗೆದುಕೊಂಡರು. ನಾನು ಎಳೆದೆ. ಮತ್ತೆ ಎಳೆದೆ. ಅವರು ವೈರನ್ನು ಹತ್ತಿರ ತಂದರು. ಇನ್ನೂ ಹತ್ತಿರ. ಜೋಳದ ಕಾಳಿನಷ್ಟೂ ಇಲ್ಲ.

"ಏನಾಯ್ತು ಇದು?"

"ಸತ್ತು ಹೋತ್ರಿ."

"ನಾನೇನು ಮಾಡಿದೆ?"

"ಮಿಸ್ತ್ರಿ ಮಾಡಿದ್ದನ್ನ ಮಾಡಿದ್ರಿ. ನಿಮ್ಮ ಹೆಸರೂ ಆ ಕಾಗದದಾಗ ಬರೀಲೇನ್ರಿ?"

ಗುಮಾಸ್ತರು ಕೆಮ್ಮಿದರು. ಅಷ್ಟಕ್ಕೇ ನಿಲ್ಲಿಸದೆ ನಾನು ಮುಂದುವರಿಸಿದೆ: ನೀವು ಹೊಡೆದುಹಾಕಿದ ಭಾಗ ಇದ್ದಿದ್ದರೆ ಇದು ಸಾಯುತ್ತಲೇ ಇರಲಿಲ್ಲ ಎಂದೆ. ಅವರ ಮುಖ ಕೆಂಪಾಯಿತು.

"ನಾನು ಯಾವ ಭಾಗವನ್ನೂ ಹೊಡೆದುಹಾಕಿಲ್ಲ. ನಕ್ಷೆ ನೀವು ಕೊಟ್ಟ ಹಾಗೇ ಪಾಸು ಮಾಡಿದ್ದೇನೆ."

ಅದನ್ನು ಕೇಳಿ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಕಣ್ಣೆದುರಿಗೆ ಸುಳ್ಳು! ನಕ್ಷೆ ತರಿಸಿ ಎಂದೆ. ಫೈಲು ತಂದರು. ನಕ್ಷೆ ಅದರಲ್ಲಿರಲಿಲ್ಲ. ಕಾಗದ ತಾನಾಗಿ ನಡೆದು ಹೋಗುತ್ತದೆಯೇ ಎಂದು ಕೂಗಾಡಿದೆ.

ಕಡೆಗೆ ಅವರೇ ಕೇಳಿದರು: "ಸರಿ, ಹಾಗಾದರೆ ತಪ್ಪು ಯಾರದು ಅಂತ ಬರೆಯೋಣ?"

ಆ ಪ್ರಶ್ನೆಗೆ ಉತ್ತರ ನನ್ನಲ್ಲಿ ಸಿದ್ಧವಿತ್ತು. ಬುದ್ಧಿವಂತಿಕೆಯ ಉತ್ತರ ಎಂದು ನನಗನ್ನಿಸಿತ್ತು.

"ಒಬ್ಬರದಲ್ಲರಿ. ರೂಢಿಯದು."

ಹಳೆಯ ವರದಿ ಹರಿದರು. ಹೊಸದು ಟೈಪಾಯಿತು: ಸ್ಥಳೀಯ ಮಿಸ್ತ್ರಿಗಳ ತಪ್ಪು ರೂಢಿಯಿಂದಾಗಿ ಉಪಕರಣಗಳು ಕೆಟ್ಟಿವೆ, ತಯಾರಿಕೆಯಲ್ಲಿ ದೋಷವಿಲ್ಲ. ಮಿಸ್ತ್ರಿಯ ಹೆಸರು ಪಟ್ಟಿಯಲ್ಲಿ ಉಳಿಯಿತು. ಇದಕ್ಕೆ ನಾನು ಸಹಿ ಮಾಡಿದೆ. ಹೊರಗೆ ಬಂದು ಮಿಸ್ತ್ರಿಗೆ ಓದಿ ಹೇಳಿದೆ.

ಅವರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೇಳಿದರು. "ಹೆಸರು ಉಳಿಸಿದ್ರಿ," ಎಂದರು. "ತಪ್ಪೂ ನಮ್ಮ ಕಡೇನ ಉಳೀತು. ಇರಲಿ ಬಿಡ್ರಿ, ಅಷ್ಟಾದ್ರೂ ಆತು."

ಗೆದ್ದುಬಂದವನಿಗೆ ಇವರು ಕೊಡುವ ಬಹುಮಾನ ಇದೇ ಏನು ಎಂದು ನಾನು ಅವರ ಮೇಲೂ ಸ್ವಲ್ಪ ಮುನಿಸಿಕೊಂಡೆ.

ಯೋಜನೆಯವರು ಉಳಿದ ಮೂರು ಡಬ್ಬಿಗಳನ್ನೂ ಬಿಚ್ಚಿಸಿ ಪಾಯಿಂಟು ಹಾಕಿಸಿದರು. ರಕ್ಷಕ ಭಾಗ ಸೇರಿಸಿ ಹೊಸ ಡಬ್ಬಿ ಮಾಡಿಕೊಡುತ್ತೇನೆಂದು ನಾನು ಮೂರು ಪತ್ರ ಬರೆದೆ. ಉತ್ತರ ಬರಲಿಲ್ಲ. ಇಳಕಲ್ಲಿನ ಅಂಗಡಿಯಲ್ಲಿ ಲಗ್ನಪತ್ರಿಕೆಯ ತುಂಡು ಮತ್ತೆ ಕೆಲಸಕ್ಕೆ ಬಂತು. ನಾನು ಒಂದೆರಡು ವರ್ಷದಲ್ಲಿ ಆ ವರ್ಕ್‌ಶಾಪು ಬಿಟ್ಟೆ. ಬಿಟ್ಟ ಮೇಲೂ ಸಿಕ್ಕಸಿಕ್ಕವರಿಗೆ ಈ ಕಥೆ ಹೇಳುತ್ತಿದ್ದೆ: ಕೆಂಪು ಪೆನ್ಸಿಲ್ಲಿನ ಅಧಿಕಾರಿ, ತಪ್ಪು ರೂಢಿಯ ಮಿಸ್ತ್ರಿ, ನಡುವೆ ನ್ಯಾಯ ಉಳಿಸಿದ ನಾನು. ಹೇಳಿದಷ್ಟೂ ಸಲ ಗೆರೆ ಇನ್ನಷ್ಟು ಕೆಂಪಾಗುತ್ತಿತ್ತು. ಅದೇ ನನಗೆ ಅನುಮಾನ ಹುಟ್ಟಿಸಿದ್ದು. ನಿಜವಾದ ನೆನಪು ಹಳೆಯ ಪಾಯಿಂಟಿನ ಹಾಗೆ ಸವೆಯಬೇಕು. ಇದು ಹೊಳೆಯುತ್ತ ಬಂದಿತ್ತು.

ಈಚೆಗೆ ಇದನ್ನು ಬರೆಯಲು ಕೂತಾಗ ಮೊದಲು ನಕ್ಷೆಯನ್ನು ಹುಡುಕಿದೆ. ಬಾದಾಮಿಯ ನಮ್ಮ ಮನೆಯ ಅಟ್ಟದಲ್ಲಿ ಅದರ ಕರಡು ಪ್ರತಿಯೊಂದು ಸಿಕ್ಕಿತು. ಅದರಲ್ಲಿ ಆ ಭಾಗ ಇದೆ, ಗೆರೆ ಇಲ್ಲ. ಅಧಿಕಾರಿಗೆ ಕೊಟ್ಟ ಪ್ರತಿಯಲ್ಲಿ ಇತ್ತೋ, ಭಾಗ ಸಿಗಲಿಲ್ಲವೆಂದು ನಾನೇ ಬಿಟ್ಟು ಬರೆದೆನೋ, ಇನ್ನು ತಿಳಿಯುವ ದಾರಿಯಿಲ್ಲ. ಇಳಕಲ್ಲಿಗೂ ಹೋದೆ. ಮಿಸ್ತ್ರಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರು ಕೇಳಿದ್ದರೋ ಇಲ್ಲವೋ, ಅದಕ್ಕೂ ಸಾಕ್ಷಿಯಿಲ್ಲ.

ಉಳಿದಿದ್ದವಳು ಹೊಳೆದಂಡೆಯ ಆ ಹೆಣ್ಣುಮಗಳು. ಈಗ ಮುದುಕಿ. ನಾನು ಹೆಸರು ಹೇಳುವ ಮೊದಲೇ "ನಶ್ಯದ ಡಬ್ಬಿ!" ಎಂದು ನಕ್ಕಳು. ಮಿಸ್ತ್ರಿ ನನ್ನನ್ನು ಏನಾದರೂ ಕೇಳಿದ್ದು ನೆನಪಿದೆಯೇ ಎಂದೆ.

"ಅದೆಲ್ಲಾ ನನಗೇನ್ ನೆಪ್ಪೈತೋ ಯಪ್ಪಾ. ಎಂಜಿನ್ನ ಕಾಗದ ಅದಾವ, ಬೇಕಾದ್ರ ನೋಡು. ಸರಕಾರದ್ದು ಅಂತ ಒಗದಿಲ್ಲ. ನನಗ ಓದಾಕ ಬರೂದಿಲ್ಲ, ಒಬ್ಬರಿಗೂ ತೋರಿಸಿಲ್ಲ."

ತಗಡಿನ ಟ್ರಂಕಿನಿಂದ ಒಂದು ಮಡಿಕೆ ತೆಗೆದುಕೊಟ್ಟಳು. ಎಂಜಿನ್ನಿನ ಚೀಟಿ, ಸೀಮೆಎಣ್ಣೆಯ ಪರವಾನಗಿ, ಅವುಗಳ ಒಳಗೆ ಸ್ಟೆನ್ಸಿಲ್ಲಿನ ಹಾಳೆ. ಮಸಿ ಕಂದಿತ್ತು, ಅಕ್ಷರ ಸ್ಪಷ್ಟವಿತ್ತು. ಅಂಗಳಕ್ಕೆ ತಂದು ಬೆಳಕಿನಲ್ಲಿ ಓದಿದೆ. ಒಂದು, ಎಣ್ಣೆ ನೋಡಿರಿ. ಎರಡು, ಪ್ಲಗ್ ಒರೆಸಿರಿ. ಮೂರು, ಬೋಲ್ಟ್ ಬಿಗಿ ಇದೆಯೇ ನೋಡಿರಿ. ನಾಲ್ಕು: "ಆಗಲೂ ಎಂಜಿನ್ ಶುರುವಾಗದಿದ್ದರೆ ಪ್ಲಗ್ಗಿನ ವೈರನ್ನು ಕಿತ್ತು, ತುದಿಯನ್ನು ದೂರ ಹಿಡಿದು, ಕಿಡಿ ಎಷ್ಟು ದೂರ ಜಿಗಿಯುತ್ತದೆ ಎಂದು ಪರೀಕ್ಷಿಸಿರಿ."

ಎರಡು ಸಲ ಓದಿದೆ. ಕೈಬರಹ ನನ್ನದು.